ಹೆವಿ ಮೆಟಲ್ ಗಿಟಾರ್‌ನ ಬಾಸ್ ಬಿಗಿಯಾಗಬೇಕಾ? ಡಿಸ್ಟಾರ್ಷನ್‌ಗೆ ಮುಂಚೆ ಏನಾಗುತ್ತದೆ ನೋಡಿ

ಆಂಪ್‌ನ (ಗಿಟಾರ್ ಆಂಪ್ಲಿಫೈಯರ್) ಬಾಸ್ ನಾಬ್, ಅಂದರೆ ತಗ್ಗಿನ ಸದ್ದಿನ ನಾಬ್, ಮುಟ್ಟುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ. ಈ ನಾಬ್ ಕೆಲಸ ಮಾಡುವುದು ಡಿಸ್ಟಾರ್ಷನ್‌ಗೆ (ಗಿಟಾರ್ ಸದ್ದು ಒಡೆದು ಒರಟಾಗುವ ಹಂತ) ಮುಂಚೆಯೋ, ಆಮೇಲೋ? ಹೆವಿ ಮೆಟಲ್ ಟೋನ್ ಬಗ್ಗೆ ನಾನು ಗುರುತು ಹಾಕಿಕೊಂಡಿದ್ದೆಲ್ಲ ಸುತ್ತಿ ಬಳಸಿ ಇಲ್ಲಿಗೇ ಬರುತ್ತದೆ. ಮುಂಚೆ ಬಾಸ್ ಕಡಿಮೆ ಮಾಡಬೇಕು. ಬೇಕಾದಷ್ಟನ್ನು ಆಮೇಲೆ ಸೇರಿಸಬೇಕು. ಉಳಿದದ್ದೆಲ್ಲ ಇದರ ವಿವರ.

ಬಿಗಿಯಾಗಿದೆಯೋ ಇಲ್ಲವೋ ಅಂತ ತಿಳಿಯಲು ಸುಲಭದ ಪರೀಕ್ಷೆ ಇದೆ. ದಪ್ಪ ತಂತಿಯ ಮೇಲೆ ಪಾಮ್ ಮ್ಯೂಟ್ ಮಾಡಿ (ಅಂಗೈ ಅಂಚನ್ನು ತಂತಿಗೆ ಒತ್ತಿ ಹಿಡಿದು) ವೇಗವಾಗಿ ಬಾರಿಸಿ. ಪ್ರತಿ ಪೆಟ್ಟೂ ಬೇರೆ ಬೇರೆಯಾಗಿ ಶುರುವಾಗಿ, ಬೇರೆ ಬೇರೆಯಾಗಿ ನಿಲ್ಲಬೇಕು. ಒಂದರ ಬಾಲ ಇನ್ನೊಂದರ ಮೇಲೆ ಬೀಳುತ್ತಿದ್ದರೆ ಟೋನ್ ಸಡಿಲ ಎಂದರ್ಥ.

ಯಾಕೆ ಮುದ್ದೆಯಾಗುತ್ತದೆ

ಸ್ಟ್ಯಾಂಡರ್ಡ್ ಟ್ಯೂನಿಂಗ್‌ನಲ್ಲಿ ಗಿಟಾರ್‌ನ ಕೆಳಗಿನ ಇ ಸ್ವರ 82.4 ಹರ್ಟ್ಸ್. ಡ್ರಾಪ್ ಡಿ ಮಾಡಿದರೆ, ಅಂದರೆ ದಪ್ಪ ತಂತಿಯನ್ನು ಡಿಗೆ ಇಳಿಸಿದರೆ, 73.4. ಡ್ರಾಪ್ ಸಿ ಅಂದರೆ 65.4. ಏಳು ತಂತಿಯ ಗಿಟಾರ್‌ನ ಬಿ 61.7. ಈ ಸ್ವರಗಳ ಅಲೆ ದೊಡ್ಡದು. ಪಿಕ್ ತಂತಿಗೆ ತಾಗಿದಾಗಿನ ಚೂಪಾದ ಸದ್ದು, ಮೇಲಿನ ಹಾರ್ಮೋನಿಕ್‌ಗಳು, ಎಲ್ಲವೂ ಈ ದೊಡ್ಡ ಅಲೆಯ ಮೇಲೆ ಕೂತಿರುವ ಸಣ್ಣ ಸಣ್ಣ ಅಲೆಗಳು. ಡಿಸ್ಟಾರ್ಷನ್ ಮಾಡುವುದೇನು? ಅಲೆಯ ತುದಿಯನ್ನು ಕತ್ತರಿಸಿ ಚಪ್ಪಟೆ ಮಾಡುತ್ತದೆ. ದೊಡ್ಡ ಅಲೆಯ ತುದಿ ಹೋದಾಗ ಅದರ ಮೇಲೆ ಕೂತಿದ್ದ ಸಣ್ಣವೂ ಹೋಗುತ್ತವೆ. ಪಿಕ್‌ನ ಪೆಟ್ಟು ಮಾಯ, ಗುಂಯ್ ಅನ್ನುವ ಸದ್ದು ಮಾತ್ರ ಬಾಕಿ.

ಇನ್ನೊಂದು ತೊಂದರೆಯೂ ಇದೆ. ಎರಡು ಸ್ವರ ಒಟ್ಟಿಗೆ ಡಿಸ್ಟಾರ್ಷನ್ ಒಳಗೆ ಹೋದರೆ ಅವುಗಳ ವ್ಯತ್ಯಾಸದ ಹೊಸ ಸ್ವರವೂ ಹುಟ್ಟುತ್ತದೆ. ಡ್ರಾಪ್ ಸಿಯಲ್ಲಿ ಪವರ್ ಕಾರ್ಡ್ (ಮೂಲ ಸ್ವರ ಮತ್ತು ಅದರ ಪಂಚಮ ಮಾತ್ರ) ಹಿಡಿಯಿರಿ: ಸಿ 65.4, ಜಿ 98. ವ್ಯತ್ಯಾಸ ಸುಮಾರು 32.6. ಅದು ಹೆಚ್ಚುಕಮ್ಮಿ ಒಂದು ಆಕ್ಟೇವ್ ಕೆಳಗಿನ ಸಿ. ಹಾಗಾಗಿಯೇ ಪವರ್ ಕಾರ್ಡ್ ಅಷ್ಟು ದಪ್ಪವಾಗಿ ಕೇಳುತ್ತದೆ. ಈಗ ಜಿ ಬದಲು ಇ ಫ್ಲ್ಯಾಟ್ ಹಾಕಿ ಮೈನರ್ ಥರ್ಡ್ ಮಾಡಿ. 77.8ರಲ್ಲಿ 65.4 ಕಳೆದರೆ 12.4. ಅದು ಸ್ವರವೇ ಅಲ್ಲ, ಬರೀ ಗಡಗಡ. ಕೆಳಗಿನ ತಂತಿಗಳಲ್ಲಿ ಪವರ್ ಕಾರ್ಡ್ ಬಿಟ್ಟು ಬೇರೆ ಕಾರ್ಡ್ ಹಿಡಿದರೆ ಕಲಸಿಹೋಗುವುದು ಇದಕ್ಕೇ.

ವಾಲ್ವ್ (ಟ್ಯೂಬ್) ಆಂಪ್ ಆದರೆ ಇನ್ನೂ ಒಂದು ವಿಷಯ ಸೇರಿಸಿಕೊಳ್ಳಿ. ಜೋರಾದ ಬಾಸ್ ಬಂದಾಗ ಎರಡು ವಾಲ್ವ್‌ಗಳ ನಡುವಿನ ಕೆಪಾಸಿಟರ್ ಚಾರ್ಜ್ ಆಗಿ, ಮುಂದಿನ ವಾಲ್ವ್ ಸ್ವಲ್ಪ ಹೊತ್ತು ಉಸಿರು ಕಟ್ಟಿದಂತೆ ಕೂರುತ್ತದೆ. ಅದು ಸುಧಾರಿಸಿಕೊಳ್ಳುವಷ್ಟರಲ್ಲಿ ನೀವು ಮುಂದಿನ ಪೆಟ್ಟು ಕೊಟ್ಟಿರುತ್ತೀರಿ. ಆಂಪ್ ಮಾಡುವವರಿಗೆ ಇದು ಚೆನ್ನಾಗಿ ಗೊತ್ತು. ಹಳೆಯ ಫೆಂಡರ್ ಆಂಪ್‌ಗಳಲ್ಲಿ ಮೊದಲ ವಾಲ್ವ್‌ನ ಕ್ಯಾಥೋಡ್‌ಗೆ 25 ಮೈಕ್ರೋಫ್ಯಾರಡ್ ಕೆಪಾಸಿಟರ್ ಇದ್ದರೆ, ಮಾರ್ಷಲ್ ಜೆಸಿಎಂ 800ರಲ್ಲಿ 0.68 ಮಾತ್ರ. ಚಿಕ್ಕ ಕೆಪಾಸಿಟರ್ ಹಾಕಿ ಬಾಸನ್ನು ಬಾಗಿಲಲ್ಲೇ ತಗ್ಗಿಸಿದ್ದಾರೆ.

ಹಸಿರು ಡಬ್ಬಿ

ಆಂಪ್ ಬಿಚ್ಚದೆ ಇದೇ ಕೆಲಸ ಮಾಡುವುದು ಓವರ್‌ಡ್ರೈವ್ ಪೆಡಲ್. ಹಸಿರು ಬಣ್ಣದ ಐಬನೇಜ್ ಟ್ಯೂಬ್ ಸ್ಕ್ರೀಮರ್ ಎಲ್ಲರಿಗೂ ಗೊತ್ತಿರುವ ಹೆಸರು. ಈಗಾಗಲೇ ಬೇಕಾದಷ್ಟು ಗೇನ್ (ಸಿಗ್ನಲ್ ಎಷ್ಟು ಪಟ್ಟು ಹಿಗ್ಗುತ್ತದೆ ಅನ್ನುವುದು) ಇರುವ ಆಂಪ್ ಮುಂದೆ ಮತ್ತೊಂದು ಡಿಸ್ಟಾರ್ಷನ್ ಯಾಕೆ ಅಂತ ಅನ್ನಿಸುವುದು ಸಹಜ, ಅಲ್ವಾ? ಮೆಟಲ್‌ನಲ್ಲಿ ಅದನ್ನು ಇಡುವುದು ಗೇನ್‌ಗೆ ಅಲ್ಲ, ಬಾಸ್ ಕತ್ತರಿಸಲು.

ಅದರ ಸರ್ಕ್ಯೂಟ್‌ನಲ್ಲಿ 4.7 ಕಿಲೋಓಮ್ ರೆಸಿಸ್ಟರ್ ಮತ್ತು 0.047 ಮೈಕ್ರೋಫ್ಯಾರಡ್ ಕೆಪಾಸಿಟರ್ ಜೋಡಿ ಇದೆ. ಲೆಕ್ಕ ಹಾಕಿದರೆ 720 ಹರ್ಟ್ಸ್ ಬರುತ್ತದೆ. ಅದರಿಂದ ಕೆಳಗೆ ಹೋದಷ್ಟೂ ಗೇನ್ ಇಳಿಯುತ್ತದೆ. ಡ್ರೈವ್ ನಾಬ್ ಸೊನ್ನೆಗೆ ಇಟ್ಟರೂ ಮೇಲಿನ ಸದ್ದಿಗೆ ಸುಮಾರು 12 ಪಟ್ಟು ಗೇನ್ ಸಿಗುತ್ತದೆ. 82 ಹರ್ಟ್ಸ್‌ಗೆ ಇಳಿದಾಗ ಎರಡು ಪಟ್ಟೂ ಇಲ್ಲ. ಆಂಪ್‌ಗೆ ಹೋಗುವುದು ತೆಳ್ಳಗಾದ, ಮಧ್ಯದಲ್ಲಿ ಉಬ್ಬಿದ ಸಿಗ್ನಲ್. ಡ್ರೈವ್ ಸೊನ್ನೆ, ಟೋನ್ ಮಧ್ಯಕ್ಕೆ, ಲೆವೆಲ್ ಪೂರ್ತಿ: ಅಲ್ಲಿಂದ ಶುರು ಮಾಡಿ. ಪೆಡಲ್ ಆನ್ ಮಾಡಿದ ಮೇಲೆ ಆಂಪ್‌ನ ಗೇನ್ ಇಳಿಸುವುದನ್ನು ಮರೆಯಬೇಡಿ. ಓವರ್‌ಡ್ರೈವ್ ಪೆಡಲ್ ಇಲ್ಲದವರು ಈಕ್ಯೂ (ಈಕ್ವಲೈಜರ್) ಪೆಡಲ್‌ನಲ್ಲಿ 100ರ ಸ್ಲೈಡರ್ ಇಳಿಸಿ, 800ರದ್ದು ಸ್ವಲ್ಪ ಏರಿಸಿದರೂ ಅರ್ಧ ಕೆಲಸ ಆಗುತ್ತದೆ. ಲ್ಯಾಪ್‌ಟಾಪ್‌ನಲ್ಲಿ ನುಡಿಸುವವರಿಗೆ ಇಗ್ನೈಟ್ ಆಂಪ್ಸ್‌ನ ಟಿಎಸ್‌ಬಿ-1 ಪ್ಲಗಿನ್ ಉಚಿತವಾಗಿದೆ.

ಇದು ಹೊಸ ಉಪಾಯವೂ ಅಲ್ಲ. ಬ್ಲ್ಯಾಕ್ ಸಬ್ಬತ್‌ನ ಟೋನಿ ಅಯೋಮಿ ಶುರುವಿನ ದಿನಗಳಲ್ಲೇ ಲೇನಿ ಆಂಪ್ ಮುಂದೆ ಡಲ್ಲಾಸ್ ರೇಂಜ್‌ಮಾಸ್ಟರ್ ಇಡುತ್ತಿದ್ದರು. ಅದು ಟ್ರೆಬಲ್ ಬೂಸ್ಟರ್. ಅಷ್ಟು ಭಾರದ ಸದ್ದಿನ ಮೊದಲ ಡಬ್ಬಿಯೇ ಬಾಸ್ ತೆಗೆಯುವ ಡಬ್ಬಿ! ನನಗೆ ಇದು ಇವತ್ತಿಗೂ ತಮಾಷೆ ಅನ್ನಿಸುತ್ತದೆ.

ಒಂದೇ ಕಂಪನಿ, ಎರಡು ದಾರಿ

ಮೆಸಾ ಬೂಗಿಯ ಎರಡು ಆಂಪ್‌ಗಳನ್ನು ಪಕ್ಕದಲ್ಲಿಟ್ಟು ನೋಡಿದರೆ ವಿಷಯ ತಲೆಗೆ ಹೋಗುತ್ತದೆ. ಮಾರ್ಕ್ ಸರಣಿಯಲ್ಲಿ ಬಾಸ್, ಮಿಡಲ್, ಟ್ರೆಬಲ್ ನಾಬ್‌ಗಳು ಡಿಸ್ಟಾರ್ಷನ್‌ಗೆ ಮುಂಚೆ ಬರುತ್ತವೆ. ಅಲ್ಲಿ ಬಾಸ್ ನಾಬ್ 5ಕ್ಕೆ ಇಟ್ಟರೆ ಕೆಸರು. ಬಳಸುವವರು ಅದನ್ನು 1 ಅಥವಾ 2ರಲ್ಲಿ ಇಡುತ್ತಾರೆ, ಕೆಲವರು ಸೊನ್ನೆಗೇ. ಹಾಗಾದರೆ ದಪ್ಪ ಎಲ್ಲಿಂದ? ಕೊನೆಯಲ್ಲಿರುವ ಐದು ಸ್ಲೈಡರ್‌ಗಳ ಗ್ರಾಫಿಕ್ ಈಕ್ಯೂಯಿಂದ: 80, 240, 750, 2200, 6600. ಇದು ಡಿಸ್ಟಾರ್ಷನ್ ಆದ ಮೇಲೆ ಬರುವುದರಿಂದ 80ರ ಸ್ಲೈಡರ್ ಏರಿಸಿದರೆ ಬಿಗಿಯಾಗಿರುವ ಸದ್ದೇ ದಪ್ಪವಾಗುತ್ತದೆ. 1986ರ ಮೆಟಾಲಿಕಾದ ರಿದಮ್ ಸದ್ದಿನ ಹಿಂದಿರುವ ಮಾರ್ಕ್ ಟೂ ಸಿ ಪ್ಲಸ್ ಇದೇ ಜಾತಿಯದು.

ಮೆಸಾದ ಇನ್ನೊಂದು ಆಂಪ್ ರೆಕ್ಟಿಫೈಯರ್‌ನಲ್ಲಿ ಉಲ್ಟಾ. ಟೋನ್ ನಾಬ್‌ಗಳು ಡಿಸ್ಟಾರ್ಷನ್ ಆದ ಮೇಲೆ. ಸದ್ದು ಸಡಿಲವಾಗಿದ್ದರೆ ಬಾಸ್ ನಾಬ್ ಇಳಿಸಿ ಪ್ರಯೋಜನವಿಲ್ಲ, ಹಾಳಾಗಿರುವುದು ಅದಕ್ಕೂ ಮುಂಚೆ. ಸುಮ್ನೆ ತೆಳ್ಳಗಾದ ಕೆಸರು ಸಿಗುತ್ತದೆ, ಅಷ್ಟೇ. ರೆಕ್ಟಿಫೈಯರ್ ಮುಂದೆ ಹಸಿರು ಡಬ್ಬಿ ಅಷ್ಟು ಸಾಮಾನ್ಯವಾಗಿರುವುದು ಇದಕ್ಕೇ. ಡ್ಯುಯಲ್ ರೆಕ್ಟಿಫೈಯರ್ ಹಿಂದೆ ಟ್ಯೂಬ್ ಮತ್ತು ಡಯೋಡ್ ಸ್ವಿಚ್ ಇದ್ದರೆ ಡಯೋಡ್‌ಗೆ ಹಾಕಿ. ಪೀವಿ 5150ಯ ನಾಬ್‌ಗಳೂ ಆಮೇಲಿನವೇ.

ಪವರ್ ಆಂಪ್, ಸ್ಪೀಕರ್, ಕೋಣೆ

5150ಯಲ್ಲಿ ರೆಸೊನೆನ್ಸ್ ಅನ್ನುವ ನಾಬ್ ಇದೆ. ಬಾಸ್ ಹೆಚ್ಚಿಸುತ್ತದೆ ನಿಜ, ಆದರೆ ಹೆಚ್ಚಿಸುವುದು ಕೆಳಗಿನ ಫ್ರೀಕ್ವೆನ್ಸಿಗಳಲ್ಲಿ ನೆಗೆಟಿವ್ ಫೀಡ್‌ಬ್ಯಾಕ್ ಕಡಿಮೆ ಮಾಡಿ. ಆ ಫೀಡ್‌ಬ್ಯಾಕ್ ಸ್ಪೀಕರ್ ಕೋನ್‌ಗೆ ಹಾಕಿದ ಬ್ರೇಕ್ ಇದ್ದಂತೆ. ಬ್ರೇಕ್ ಸಡಿಲಿಸಿದರೆ ಸದ್ದು ದೊಡ್ಡದಾಗುತ್ತದೆ, ನಿಲ್ಲುವುದು ತಡವಾಗುತ್ತದೆ. ಸೆಲೆಸ್ಟಿಯನ್ ವಿಂಟೇಜ್ 30 ಸ್ಪೀಕರ್‌ನ ಸ್ವಂತ ರೆಸೊನೆನ್ಸ್ (ಕೋನ್ ಸುಲಭವಾಗಿ ಅಲುಗುವ ಫ್ರೀಕ್ವೆನ್ಸಿ) 75 ಹರ್ಟ್ಸ್. ಡ್ರಾಪ್ ಡಿಯ 73.4ಕ್ಕೆ ಎಷ್ಟು ಹತ್ತಿರ ನೋಡಿ. ರೆಸೊನೆನ್ಸ್ ನಾಬನ್ನು ಅರ್ಧಕ್ಕಿಂತ ಮೇಲೆ ತಿರುಗಿಸುವ ಮುಂಚೆ ಪಾಮ್ ಮ್ಯೂಟ್ ಮಾಡಿ ಕೇಳಿ.

ಕ್ಯಾಬಿನೆಟ್ ಹಿಂಬದಿ ಮುಚ್ಚಿರಲಿ. ಕೋಣೆಯ ಮೂಲೆಯಲ್ಲಿ ಇಡಬೇಡಿ, ಗೋಡೆಗಳು ಬಾಸನ್ನು ಉಬ್ಬಿಸುತ್ತವೆ. ಕಡಿಮೆ ವಾಲ್ಯೂಮ್‌ನಲ್ಲಿ ನಮ್ಮ ಕಿವಿಗೆ ಬಾಸ್ ಕಡಿಮೆ ಕೇಳುತ್ತದೆ. ಮನೆಯಲ್ಲಿ ರಾತ್ರಿ ಮೆಲ್ಲಗೆ ಇಟ್ಟು ಮಾಡಿದ ಸೆಟ್ಟಿಂಗ್ ಬ್ಯಾಂಡ್ ಜೊತೆ ಜೋರಾಗಿ ಇಟ್ಟಾಗ ಕೆಸರಾಗುವುದು ಇದರಿಂದಲೇ. ಸ್ಟೇಜ್‌ಗೆ ಬೇರೆ ಸೆಟ್ಟಿಂಗ್ ಇಟ್ಟುಕೊಳ್ಳಿ.

ಕೈ ಮತ್ತು ತಂತಿ

10–46 ತಂತಿಯಲ್ಲಿ (ತೆಳು ಮತ್ತು ದಪ್ಪ ತಂತಿಯ ದಪ್ಪ, ಇಂಚಿನ ಸಾವಿರದ ಲೆಕ್ಕದಲ್ಲಿ) ಡ್ರಾಪ್ ಸಿ ಮಾಡಿದರೆ ದಪ್ಪ ತಂತಿ ಜೋಲುತ್ತದೆ, ಜೋರಾಗಿ ಹೊಡೆದಾಗ ಸ್ವರ ಮೇಲಕ್ಕೆ ಜಾರುತ್ತದೆ. 11–56ರಂಥ ಸೆಟ್ ಹಾಕಿ. ಪಿಕಪ್‌ನ ದಪ್ಪ ತಂತಿಯ ಬದಿಯನ್ನು ಸ್ವಲ್ಪ ಇಳಿಸಿ. ನಾಯ್ಸ್ ಗೇಟ್ ಪೆಟ್ಟುಗಳ ನಡುವಿನ ಹಿಸ್ ನಿಲ್ಲಿಸುತ್ತದೆಯೇ ಹೊರತು ಪೆಟ್ಟಿನೊಳಗಿನ ಕೆಸರು ತೆಗೆಯುವುದಿಲ್ಲ. ಗೇನ್ ಜಾಸ್ತಿ ಇದ್ದರೆ ಬೆರಳಿಗೆ ಸುಖ, ಕೇಳುವವರಿಗಲ್ಲ. ಒಂದೇ ಭಾಗವನ್ನು ಎರಡು ಸಲ ರೆಕಾರ್ಡ್ ಮಾಡಿ ಎಡ ಬಲ ಸ್ಪೀಕರ್‌ಗೆ ಹಾಕುವಾಗಲಂತೂ ಗೇನ್ ಇನ್ನೂ ಇಳಿಸಿ.

ರೆಕಾರ್ಡಿಂಗ್‌ನಲ್ಲಿ ಗಿಟಾರ್‌ಗೆ 80 ಹರ್ಟ್ಸ್ ಸುಮಾರಿಗೆ ಹೈಪಾಸ್ (ಅದಕ್ಕಿಂತ ಕೆಳಗಿನ ಸದ್ದು ಕತ್ತರಿಸುವ ಫಿಲ್ಟರ್) ಹಾಕಿ. ಪಾಮ್ ಮ್ಯೂಟ್‌ನ ಗುದ್ದು 100ರಿಂದ 250ರ ನಡುವೆ ಉಕ್ಕಿದರೆ ಆ ಭಾಗಕ್ಕಷ್ಟೇ ಮಲ್ಟಿಬ್ಯಾಂಡ್ ಕಂಪ್ರೆಸರ್ (ಆಯ್ದ ಫ್ರೀಕ್ವೆನ್ಸಿ ಜೋರಾದಾಗ ಮಾತ್ರ ತಗ್ಗಿಸುವ ಸಾಧನ) ಹಾಕಿ. ನಿಜವಾದ ಭಾರ ಬಾಸ್ ಗಿಟಾರ್‌ನದು. ಡ್ರಾಪ್ ಸಿಯಲ್ಲಿ ಅದರ ಕೆಳಸ್ವರ 32.7ರಲ್ಲಿ ಇರುತ್ತದೆ. ಹಾಗಾಗಿ ಗಿಟಾರ್ ಟ್ರ್ಯಾಕ್ ಒಂದನ್ನೇ ಕೇಳಿಕೊಂಡು ಹೈಪಾಸ್ ತಿರುಗಿಸಬೇಡಿ. ಬಾಸ್ ಗಿಟಾರ್ ಮತ್ತು ಕಿಕ್ ಡ್ರಮ್ ಎರಡೂ ಆನ್ ಇರಲಿ.