‘ಎಲ್ಲ ನಾರ್ಮಲ್’ ಎಂದ ಮೇಲೂ ಉಳಿದ ಸುಸ್ತು

ಎರಡು ವರ್ಷದಿಂದ ಸುಸ್ತು. ಎದ್ದು ನಿಂತರೆ ಕಣ್ಣು ಕತ್ತಲಿಡುತ್ತದೆ, ಬೆರಳ ತುದಿ ಜೋಮು ಹಿಡಿಯುತ್ತದೆ, ರಾತ್ರಿಯಿಡೀ ಮಲಗಿದ್ದರೂ ಬೆಳಿಗ್ಗೆ ಮೈ ಹಿಂಡಿ ಹಾಕಿದಂತಿರುತ್ತದೆ. ಕೈಯಲ್ಲಿರುವ ಫೈಲಿನಲ್ಲಿ ಮೂರು ಲ್ಯಾಬುಗಳ ರಕ್ತಪರೀಕ್ಷೆ, ಎರಡು ಸ್ಕ್ಯಾನಿಂಗ್, ಒಂದು ಇಸಿಜಿ. ಎಲ್ಲದರ ಮೇಲೂ ‘ನಾರ್ಮಲ್’. ಮನೆಯವರು ‘ರಿಪೋರ್ಟೇ ಸರಿ ಇದೆಯಲ್ಲ’ ಅನ್ನುತ್ತಾರೆ. ಡಾಕ್ಟರು ‘ಟೆನ್ಶನ್ ಕಡಿಮೆ ಮಾಡಿ’ ಅನ್ನುತ್ತಾರೆ. ಮೆಟ್ಟಿಲು ಹತ್ತಲಾಗದೆ ಅರ್ಧದಲ್ಲೇ ಕೂರುವವರ ಕಷ್ಟ ಮಾತ್ರ ಇದ್ದ ಹಾಗೇ ಇದೆ.

ರಿಪೋರ್ಟು ಉತ್ತರ ಕೊಡುವುದು ಕೇಳಿದ ಪ್ರಶ್ನೆಗೆ ಮಾತ್ರ. ಯಾವ ಪ್ರಶ್ನೆ ಕೇಳಿದ್ದೆವು, ಯಾವುದನ್ನು ಕೇಳಲೇ ಇಲ್ಲ ಎಂದು ಫೈಲನ್ನು ಮೊದಲಿನಿಂದ ನೋಡುವುದೇ ಇಂಥ ಕಾಯಿಲೆಗಳಲ್ಲಿ ಅರ್ಧ ಕೆಲಸ.

ಕಬ್ಬಿಣದ ವಿಷಯವನ್ನೇ ತೆಗೆದುಕೊಳ್ಳಿ. ಗರ್ಭಿಣಿಯಲ್ಲದ ಹೆಣ್ಣುಮಕ್ಕಳಿಗೆ ಹಿಮೋಗ್ಲೋಬಿನ್ 12ಕ್ಕಿಂತ ಮೇಲಿದ್ದರೆ ರಕ್ತಹೀನತೆ ಇಲ್ಲವೆಂದು ಲೆಕ್ಕ. ಆದರೆ ಕಣಜ ಬರಿದಾದ ಮೇಲೂ ಅಡುಗೆಮನೆಯ ಡಬ್ಬಿಯಲ್ಲಿ ಕೆಲವು ದಿನಕ್ಕಾಗುವಷ್ಟು ಅಕ್ಕಿ ಇರುತ್ತದೆ. ದೇಹದಲ್ಲಿ ಕಬ್ಬಿಣದ ಆ ಕಣಜವನ್ನು ತೋರಿಸುವ ಪರೀಕ್ಷೆ ಫೆರಿಟಿನ್. ಅದು 15ಕ್ಕಿಂತ ಕೆಳಗಿದ್ದರೆ ಕೊರತೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅನೇಕ ವೈದ್ಯರು 30ರ ಕೆಳಗೇ ಅನುಮಾನಪಡುತ್ತಾರೆ. ಫ್ರಾನ್ಸಿನಲ್ಲಿ ನಡೆದು 2012ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಹಿಮೋಗ್ಲೋಬಿನ್ ಸರಿಯಿದ್ದು ಫೆರಿಟಿನ್ 50ಕ್ಕಿಂತ ಕಡಿಮೆಯಿದ್ದ, ಸದಾ ಸುಸ್ತೆನ್ನುತ್ತಿದ್ದ ಮಹಿಳೆಯರಿಗೆ ದಿನಕ್ಕೆ 80 ಮಿ.ಗ್ರಾಂ ಕಬ್ಬಿಣವನ್ನು 12 ವಾರ ಕೊಟ್ಟರು. ಅವರ ಸುಸ್ತು ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು. ಹುಸಿಮಾತ್ರೆ ನುಂಗಿದವರಲ್ಲೂ ಇಳಿಯಿತು, ಆದರೆ ಕಾಲುಭಾಗಕ್ಕಿಂತ ತುಸು ಹೆಚ್ಚು, ಅಷ್ಟೇ. ಒಂದು ಎಚ್ಚರ: ಸೋಂಕು, ಉರಿಯೂತ ಇದ್ದಾಗ ಫೆರಿಟಿನ್ ತಾನಾಗಿ ಏರುತ್ತದೆ. ಹಾಗಾಗಿ ಜೊತೆಯಲ್ಲಿ ಉರಿಯೂತವನ್ನು ತೋರಿಸುವ ಸಿಆರ್‌ಪಿ ನೋಡದೆ ‘60 ಇದೆ, ಸಾಕು’ ಎನ್ನುವಂತಿಲ್ಲ.

ಬಿ12 ಕೊರತೆ ಇನ್ನೂ ಚೆನ್ನಾಗಿ ಅಡಗಿಕೊಳ್ಳುತ್ತದೆ. ಕಬ್ಬಿಣ ಕಡಿಮೆಯಾದರೆ ಕೆಂಪು ರಕ್ತಕಣಗಳು ಕುಗ್ಗುತ್ತವೆ, ಬಿ12 ಕಡಿಮೆಯಾದರೆ ಹಿಗ್ಗುತ್ತವೆ. ಎರಡೂ ಕೊರತೆ ಒಟ್ಟಿಗಿದ್ದರೆ ಎಂಸಿವಿ ಎಂಬ ಸರಾಸರಿ ಗಾತ್ರ ನಡುವೆ ನಿಂತು ‘ನಾರ್ಮಲ್’ ಅನಿಸಿಕೊಳ್ಳುತ್ತದೆ. ಅಂಥ ರಿಪೋರ್ಟಿನಲ್ಲಿ ಸುಳಿವು ಕೊಡುವುದು ಆರ್‌ಡಿಡಬ್ಲ್ಯೂ. ಕಣಗಳ ಗಾತ್ರದಲ್ಲಿ ಎಷ್ಟು ಏರುಪೇರಿದೆ ಎಂದು ಅದು ತೋರಿಸುತ್ತದೆ. ಬಿ12 ಮಟ್ಟ 200ಕ್ಕಿಂತ ಕೆಳಗಿದ್ದರೆ ಕೊರತೆ. 200ರಿಂದ 300ರ ನಡುವೆ ಹೌದೆನ್ನಲೂ ಆಗದು, ಅಲ್ಲವೆನ್ನಲೂ ಆಗದು, ಬಿ12 ಕಡಿಮೆಯಾದಾಗ ರಕ್ತದಲ್ಲಿ ಏರುವ ಮೀಥೈಲ್‌ಮಲೋನಿಕ್ ಆಮ್ಲದ ಪರೀಕ್ಷೆ ಬೇಕಾಗಬಹುದು. ರಕ್ತಹೀನತೆ ಕಾಣುವ ಮೊದಲೇ ನರಗಳಿಗೆ ಪೆಟ್ಟು ಬೀಳಬಹುದು. ಮಾಂಸ, ಮೊಟ್ಟೆ ತಿನ್ನದವರು, ವರ್ಷಗಟ್ಟಲೆ ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಅಥವಾ ಆಸಿಡಿಟಿಯ ಪ್ಯಾಂಟೊಪ್ರಜೋಲ್ ನುಂಗಿದವರು ಬಿ12 ಪರೀಕ್ಷೆಯನ್ನು ಕೇಳಿಯೇ ಮಾಡಿಸಿಕೊಳ್ಳಬೇಕು. ಪದೇಪದೇ ಆಗುವ ತಪ್ಪೊಂದಿದೆ: ಮೊದಲು ‘ಶಕ್ತಿಯ ಇಂಜೆಕ್ಷನ್’ ಚುಚ್ಚಿಸಿಕೊಂಡು ಆಮೇಲೆ ರಕ್ತ ಕೊಡುವುದು. ಆಗ ಸಂಖ್ಯೆ ಮೇಲಿರುತ್ತದೆ, ಮೂಲದ ಸ್ಥಿತಿ ಗೊತ್ತಾಗುವುದೇ ಇಲ್ಲ. ಕೂದಲಿಗೆಂದು ತೆಗೆದುಕೊಳ್ಳುವ ಬಯೋಟಿನ್ ಮಾತ್ರೆಯೂ ಹೀಗೇ ಕಾಟ ಕೊಡುತ್ತದೆ. ಕೆಲವು ಬಗೆಯ ಥೈರಾಯ್ಡ್ ಪರೀಕ್ಷೆಗಳಲ್ಲಿ ಅದು ಟಿಎಸ್‌ಎಚ್ ಅನ್ನು ಸುಳ್ಳಾಗಿ ಇಳಿಸುತ್ತದೆ. ರಕ್ತ ಕೊಡುವ ಮೊದಲು ಕನಿಷ್ಠ 2 ದಿನ ಬಿಡಬೇಕು.

ಸೀಲಿಯಾಕ್ ಕಾಯಿಲೆಯದು ನಮ್ಮ ಊಟಕ್ಕೇ ಸಂಬಂಧಿಸಿದ ಮಾತು. ಗೋಧಿಯ ಗ್ಲೂಟೆನ್ ಸಣ್ಣ ಕರುಳನ್ನು ಕೆಡಿಸುವ ಈ ಕಾಯಿಲೆ ಉತ್ತರ ಭಾರತದಲ್ಲಿ ಸುಮಾರು ನೂರಕ್ಕೊಬ್ಬರಲ್ಲಿದ್ದರೆ ದಕ್ಷಿಣದಲ್ಲಿ ಸಾವಿರಕ್ಕೊಬ್ಬರಲ್ಲಿದೆ. ಇದ್ದವರಿಗೆ ಬೇಧಿಯೇ ಆಗಬೇಕೆಂದಿಲ್ಲ. ವಾಸಿಯಾಗದ ಕಬ್ಬಿಣದ ಕೊರತೆಯೊಂದೇ ಲಕ್ಷಣವಾಗಿರಬಹುದು. ಇದಕ್ಕಿರುವ ಟಿಟಿಜಿ-ಐಜಿಎ ಪರೀಕ್ಷೆ ಒಳ್ಳೆಯದೇ, ಆದರೆ ಗೋಧಿ ತಿನ್ನುತ್ತಿದ್ದಾಗ ಮಾತ್ರ ನಂಬಬಹುದು. ‘ಚಪಾತಿ ಒಗ್ಗುವುದಿಲ್ಲ’ ಎಂದು ಮುದ್ದೆ, ಅನ್ನಕ್ಕೆ ತಿರುಗಿ ವರ್ಷವಾದವರಲ್ಲಿ ಪರೀಕ್ಷೆ ನೆಗೆಟಿವ್ ಬಂದರೆ ಅದಕ್ಕೆ ಬೆಲೆಯಿಲ್ಲ. ಕನಿಷ್ಠ 6 ವಾರ, ದಿನಕ್ಕೆ ಒಂದಕ್ಕಿಂತ ಹೆಚ್ಚು ಹೊತ್ತಿನ ಊಟದಲ್ಲಿ ಗೋಧಿ ತಿಂದು ರಕ್ತ ಕೊಡಬೇಕು. ಜೊತೆಗೆ ಒಟ್ಟು ಐಜಿಎ (ಈ ಪರೀಕ್ಷೆ ಹುಡುಕುವ ಬಗೆಯ ಪ್ರತಿಕಾಯ) ಕೂಡ ಅಳೆಯಬೇಕು. ಕೆಲವರಲ್ಲಿ ಹುಟ್ಟಿನಿಂದಲೇ ಐಜಿಎ ಇರುವುದಿಲ್ಲ, ಅವರಿಗೆ ಈ ಪರೀಕ್ಷೆ ಯಾವತ್ತೂ ನೆಗೆಟಿವ್.

ಹಾಗಾದರೆ ಎಲ್ಲವನ್ನೂ ಒಟ್ಟಿಗೆ ಮಾಡಿಸಿಬಿಡೋಣ ಎನ್ನುವವರಿಗಾಗಿಯೇ ‘ಫುಲ್ ಬಾಡಿ ಚೆಕಪ್’ ಪ್ಯಾಕೇಜುಗಳಿವೆ. ದುಡ್ಡು ಹೋಗುವುದು ಒಂದು ಕಡೆ, ಅದಕ್ಕಿಂತ ಹೆಚ್ಚಾಗಿ ದಾರಿ ತಪ್ಪುತ್ತದೆ. ಬಹುತೇಕ ಪರೀಕ್ಷೆಗಳ ‘ನಾರ್ಮಲ್’ ಮಿತಿಯನ್ನು ಆರೋಗ್ಯವಂತರಲ್ಲಿ ಶೇ 95 ಮಂದಿ ಒಳಗೆ ಬರುವಂತೆ ಎಳೆದಿರುತ್ತಾರೆ. ಅಂದರೆ ಉಳಿದ ಶೇ 5 ಮಂದಿ ಏನೂ ಕಾಯಿಲೆಯಿಲ್ಲದೆ ಗೆರೆಯಾಚೆ ಬೀಳುತ್ತಾರೆ. ಒಂದಕ್ಕೊಂದು ಸಂಬಂಧವಿಲ್ಲದ 20 ಪರೀಕ್ಷೆ ಮಾಡಿಸಿದರೆ, ಆರೋಗ್ಯವಂತನಿಗೂ ಒಂದಾದರೂ ದಪ್ಪಕ್ಷರದಲ್ಲಿ ಬರುವ ಸಾಧ್ಯತೆ ಶೇ 64. ಗಂಟುನೋವಿಗೆ ಬರೆಯುವ, ದೇಹ ತನ್ನ ಮೇಲೇ ತಿರುಗಿಬೀಳುವ ಕಾಯಿಲೆಗಳನ್ನು ಹುಡುಕುವ ಎಎನ್‌ಎ ಪರೀಕ್ಷೆ ಆರೋಗ್ಯವಂತರಲ್ಲೇ 1:80 ಮಟ್ಟದಲ್ಲಿ (ರಕ್ತದ ದ್ರವವನ್ನು 80 ಪಟ್ಟು ತೆಳುವಾಗಿಸಿ ನೋಡಿದಾಗ) ಶೇ 13ರಷ್ಟು ಮಂದಿಯಲ್ಲಿ ಪಾಸಿಟಿವ್ ಬರುತ್ತದೆ ಎಂದು 1997ರಲ್ಲೇ ತೋರಿಸಿದ್ದಾರೆ. ಆ ಒಂದು ಚೀಟಿ ಹಿಡಿದು, ಅಂಥದ್ದೊಂದು ಕಾಯಿಲೆಯಾದ ‘ಲೂಪಸ್ ಇರಬಹುದೇ’ ಎಂದು ನಿದ್ದೆಗೆಟ್ಟವರಿದ್ದಾರೆ. ಟೈಫಾಯ್ಡ್ ಹುಡುಕಲು ಜ್ವರ ಬಂದವರಿಗೆಲ್ಲ ಮಾಡುವ ವಿಡಾಲ್ ಪರೀಕ್ಷೆಯೂ ಅಷ್ಟೇ. ಒಂದೇ ಸಲದ ವಿಡಾಲ್ ನೋಡಿ ತಿಂಗಳುಗಟ್ಟಲೆಯ ಜ್ವರಕ್ಕೆ ಟೈಫಾಯ್ಡ್ ಎಂದು ಹೆಸರಿಟ್ಟರೆ, ಒಳಗಿರುವ ಕ್ಷಯವೋ, ದನಕುರಿಗಳಿಂದ ಬರುವ ಬ್ರುಸೆಲ್ಲೋಸಿಸ್ಸೋ ಬೆಳೆಯುತ್ತಾ ಹೋಗುತ್ತದೆ.

ಬ್ರಿಟನ್ನಿನ ವೈದ್ಯರು 1975ರಲ್ಲಿ ಪ್ರಕಟಿಸಿದ ಒಂದು ಸಣ್ಣ ಅಧ್ಯಯನ ಇಂದಿಗೂ ಪಾಠವಾಗಿದೆ. ಹೊಸದಾಗಿ ಬಂದ 80 ಹೊರರೋಗಿಗಳಲ್ಲಿ 66 ಮಂದಿಯ ಕಾಯಿಲೆ, ಅವರು ಹೇಳಿದ್ದನ್ನು ಕೇಳಿದ್ದರಲ್ಲೇ ಸರಿಯಾಗಿ ಗೊತ್ತಾಗಿತ್ತು. ಮೈ ಮುಟ್ಟಿ ನೋಡಿದ ಮೇಲೆ ಇನ್ನು 7, ಲ್ಯಾಬಿನಿಂದ 7. ಇಷ್ಟೊಂದು ಬೆಲೆಯುಳ್ಳ ‘ಹೇಳಿಕೆ’ಯನ್ನು ನಾವು ಕ್ಲಿನಿಕ್ಕಿನ ಗಡಿಬಿಡಿಯಲ್ಲಿ ಹಾಳು ಮಾಡಿಕೊಳ್ಳುತ್ತೇವೆ.

ಇದರಲ್ಲಿ ನಮ್ಮ ಮಾತಿನ ಪಾಲೂ ಇದೆ. ‘ಸುಸ್ತು’ ಎಂಬ ಒಂದೇ ಪದದಲ್ಲಿ ನಾಲ್ಕು ಬೇರೆ ಸಂಗತಿಗಳಿವೆ. ಬಸ್ಸಿನಲ್ಲಿ ಕೂತಲ್ಲೇ ತೂಕಡಿಕೆ ಬಂದರೆ ನಿದ್ದೆಯ ತೊಂದರೆ. ಗೊರಕೆಯೂ ಇದ್ದರೆ, ನಿದ್ದೆಯಲ್ಲಿ ಉಸಿರು ಕಟ್ಟುವ ಸ್ಲೀಪ್ ಅಪ್ನಿಯ ನೆನಪಾಗಬೇಕು. ಕುಕ್ಕರಗಾಲಲ್ಲಿ ಕೂತವರಿಗೆ ಕೈ ಊರದೆ ಏಳಲಾಗದಿದ್ದರೆ ಸ್ನಾಯುವಿನ ಬಲ ಕುಂದಿದೆ. ನಾಲ್ಕು ಹೆಜ್ಜೆಗೆ ಏದುಸಿರು ಬಂದರೆ ಹೃದಯ, ಶ್ವಾಸಕೋಶ, ರಕ್ತ. ಮನೆ ಒರೆಸಿದ ದಿನ ಚೆನ್ನಾಗಿದ್ದು, ಮರುದಿನವೋ ಅದರ ಮರುದಿನವೋ ಹಾಸಿಗೆ ಹಿಡಿಯುವಂತಾದರೆ ಅದು ಶ್ರಮದ ನಂತರದ ಕುಸಿತ. ಇದು 6 ತಿಂಗಳು ಮೀರಿ, ಎಷ್ಟು ಮಲಗಿದರೂ ತಾಜಾ ಅನಿಸದ ನಿದ್ದೆ, ಮಂಕು ಕವಿದ ತಲೆ ಜೊತೆಗಿದ್ದರೆ ದೀರ್ಘ ಸುಸ್ತಿನ ಎಂಇ/ಸಿಎಫ್‌ಎಸ್ ಎಂಬ ಕಾಯಿಲೆಯ ಗುರುತು. ಅದಕ್ಕೆ ರಕ್ತಪರೀಕ್ಷೆಯೇ ಇಲ್ಲ, ಹೇಳಿಕೆಯೊಂದೇ ಆಧಾರ. ಅಂಥವರಿಗೆ ‘ದಿನಾ ಜೋರಾಗಿ ವಾಕಿಂಗ್ ಮಾಡಿ’ ಎಂಬ ಸಲಹೆ ಹಾನಿ ಮಾಡಬಹುದು. ‘ತಲೆಸುತ್ತು’ ಕೂಡ ಹಾಗೆಯೇ: ಕೋಣೆ ಗಿರ್ರೆಂದು ತಿರುಗುವುದು ಒಳಗಿವಿಯ ತೊಂದರೆಯಿರಬಹುದು, ಕಣ್ಣು ಕತ್ತಲಿಡುವುದು ರಕ್ತದೊತ್ತಡದ್ದಿರಬಹುದು, ಹೆಜ್ಜೆ ತೇಲುವುದು ನರದ್ದಿರಬಹುದು. ‘ಗ್ಯಾಸ್’, ‘ಉಷ್ಣ’, ‘ನರದ ವೀಕ್‌ನೆಸ್’ ಎಂದು ನಾವೇ ಹೆಸರಿಟ್ಟುಕೊಂಡು ಹೋದರೆ ಡಾಕ್ಟರ ಯೋಚನೆಯೂ ಆ ಹೆಸರಿನಲ್ಲೇ ಸಿಕ್ಕಿಕೊಳ್ಳುತ್ತದೆ. ಏನಾಗುತ್ತದೆ ಎಂಬುದನ್ನಷ್ಟೇ ಹೇಳಿ.

ಒಂದೇ ಹಾಳೆಯಲ್ಲಿ ಬರೆದುಕೊಂಡು ಹೋಗುವುದು ಒಳ್ಳೆಯದು. ಮೊದಲ ಸಾಲು: ಪೂರ್ತಿ ಚೆನ್ನಾಗಿದ್ದ ಕೊನೆಯ ತಿಂಗಳು ಯಾವುದು, ಅದರ ಆಸುಪಾಸಿನಲ್ಲಿ ಏನಾಯಿತು: ಜ್ವರ, ಹೆರಿಗೆ, ಆಪರೇಷನ್, ಹೊಸ ಮಾತ್ರೆ. ಚಿಕೂನ್‌ಗುನ್ಯಾ ಬಂದುಹೋದ ಮೇಲೆ ಗಂಟುನೋವು ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಜ್ವರದ ಮಾತೇ ಬರದಿದ್ದರೆ ಅದು ಹೊಳೆಯುವುದಿಲ್ಲ. ಆಮೇಲೆ ಅತಿ ಹೆಚ್ಚು ಕಾಡುವ ಮೂರು ಲಕ್ಷಣ, ಪ್ರತಿಯೊಂದಕ್ಕೂ ಯಾವಾಗ ಏರುತ್ತದೆ, ಯಾವುದರಿಂದ ಇಳಿಯುತ್ತದೆ, ಅದರಿಂದ ಯಾವ ಕೆಲಸ ನಿಂತಿದೆ. ಮುಟ್ಟಿನ ತಾರೀಖುಗಳ ಪಕ್ಕದಲ್ಲಿ ನೋವಿನ ತಾರೀಖು ಬರೆದರೆ, ಗರ್ಭಕೋಶದ ಒಳಪದರದಂಥ ಪದರ ಅದರ ಹೊರಗೆ ಬೆಳೆಯುವ ಎಂಡೊಮೆಟ್ರಿಯೋಸಿಸ್‌ನ ಸುಳಿವು ಸಿಗಬಹುದು. ಸ್ಕ್ಯಾನಿಂಗ್ ಸರಿಯಿದೆ ಎಂದಮಾತ್ರಕ್ಕೆ ಅದು ಇಲ್ಲವೆಂದಾಗದು. ದನ, ಕುರಿ ಸಾಕುತ್ತೀರಾ, ಕರು ಹಾಕಿಸುವಾಗ ಕೈ ಹಾಕಿದ್ದೀರಾ, ಕಾಯಿಸದ ಹಾಲು ಕುಡಿಯುತ್ತೀರಾ ಎಂಬುದನ್ನೂ ಬರೆಯಿರಿ. ಏರಿಳಿಯುವ ಜ್ವರ, ಬೆವರು, ಸೊಂಟನೋವು ತರುವ ಬ್ರುಸೆಲ್ಲೋಸಿಸ್ ಬರುವುದು ಆ ದಾರಿಯಲ್ಲೇ.

ಔಷಧಿಯ ಪಟ್ಟಿಯಲ್ಲಿ ಸಂಕೋಚ ಬೇಡ. ಹೆಸರಿಲ್ಲದ ಪೊಟ್ಟಣದಲ್ಲಿ ಕೊಟ್ಟ ಗಂಟುನೋವಿನ ಪುಡಿಯಲ್ಲಿ ಸ್ಟೀರಾಯ್ಡ್ ಇದ್ದರೆ, ವಾರಗಟ್ಟಲೆ ತಿಂದು ಒಮ್ಮೆಲೇ ನಿಲ್ಲಿಸಿದಾಗ ಅಡ್ರಿನಲ್ ಗ್ರಂಥಿ ಕೆಲಸ ಮಾಡದೆ ವಿಪರೀತ ಸುಸ್ತು, ವಾಂತಿ, ಲೋ ಬಿ.ಪಿ. ಬರಬಹುದು. ಬೆಳಿಗ್ಗೆ 8-9ರ ಹೊತ್ತಿಗೆ ತೆಗೆದ ರಕ್ತದಲ್ಲಿ ಆ ಗ್ರಂಥಿಯ ಹಾರ್ಮೋನಾದ ಕಾರ್ಟಿಸಾಲ್ ನೋಡಿದರೆ ಗೊತ್ತಾಗುತ್ತದೆ. ಲೋಹ ಸೇರಿದ ಭಸ್ಮ, ರಸೌಷಧಿ ಸೇವಿಸುತ್ತಿದ್ದು ಹೊಟ್ಟೆ ಹಿಂಡುವ ನೋವು, ರಕ್ತಹೀನತೆ ಇದ್ದರೆ ರಕ್ತದಲ್ಲಿನ ಸೀಸ ಅಳೆಯಬೇಕು. ಮಾಮೂಲಿ ಪ್ಯಾಕೇಜಿನಲ್ಲಿ ಅದನ್ನು ಹುಡುಕಿದರೂ ಸಿಗದಿರಬಹುದು.

ಕಣ್ಣು ಕತ್ತಲಿಡುವವರು ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆಯಿದೆ. ಬಿ.ಪಿ. ಯಂತ್ರ, ಗಡಿಯಾರ, ಪಕ್ಕದಲ್ಲೊಬ್ಬರು ಇದ್ದರೆ ಸಾಕು. 10 ನಿಮಿಷ ಅಂಗಾತ ಮಲಗಿ, ನಾಡಿ ಮತ್ತು ಬಿ.ಪಿ. ಬರೆದುಕೊಳ್ಳಿ. ಎದ್ದು, ಗೋಡೆಗೆ ಒರಗದೆ, ಕಾಲು ಕದಲಿಸದೆ, ಮಾತಾಡದೆ ನಿಲ್ಲಿ. 1, 3, 5, 10ನೇ ನಿಮಿಷದಲ್ಲಿ ಮತ್ತೆ ಅಳೆಯಿರಿ. ಬವಳಿ ಬರುವಂತಾದರೆ ಕೂಡಲೇ ಕೂತುಬಿಡಿ. 3 ನಿಮಿಷದೊಳಗೆ ಮೇಲಿನ ಬಿ.ಪಿ. 20 ಅಥವಾ ಕೆಳಗಿನದು 10 ಇಳಿದರೆ ಒಂದು ದಾರಿ: ನೀರಿನ ಕೊರತೆ, ಬಿ.ಪಿ. ಮಾತ್ರೆ, ನರಗಳ ತೊಂದರೆ. ಬಿ.ಪಿ. ಹಾಗೇ ಇದ್ದು ನಾಡಿ ಮಾತ್ರ 30 ಏರಿ (12ರಿಂದ 19 ವಯಸ್ಸಿನವರಲ್ಲಿ 40) ಅಲ್ಲೇ ನಿಂತರೆ, ತೊಂದರೆ 3 ತಿಂಗಳಿನಿಂದ ಇದ್ದರೆ, ಪಾಟ್ಸ್ ಎಂಬ ಸ್ಥಿತಿಯನ್ನು ಯೋಚಿಸಬೇಕು. ಮೊದಲು ರಕ್ತಹೀನತೆ, ಥೈರಾಯ್ಡ್ ಇಲ್ಲವೆಂದು ಖಚಿತವಾಗಬೇಕು. ಕೂರಿಸಿ ಒಮ್ಮೆ ಬಿ.ಪಿ. ನೋಡಿ ಕಳಿಸುವ ಕಡೆ ಇದು ಎಂದೂ ಬೆಳಕಿಗೆ ಬರುವುದಿಲ್ಲ.

ಇನ್ನು ‘ಟೆನ್ಶನ್’. ಖಿನ್ನತೆ, ಆತಂಕ ನಿಜವಾದ ಕಾಯಿಲೆಗಳು, ಮೈಯಲ್ಲಿ ನೋವಾಗಿಯೂ ಕಾಣಿಸಿಕೊಳ್ಳುತ್ತವೆ. ಆದರೆ ಅವನ್ನೂ ಅವುಗಳ ಲಕ್ಷಣ ಕೇಳಿಯೇ ಗುರುತಿಸಬೇಕು. ಬೇರೇನೂ ಸಿಗಲಿಲ್ಲ ಎಂಬುದು ಅವಕ್ಕೆ ಪುರಾವೆಯಾಗದು. ನರಕ್ಕೆ ಪೆಟ್ಟಿಲ್ಲದೆಯೂ ಕೈಕಾಲು ಬಲ ಕಳೆದುಕೊಳ್ಳುವ ಫಂಕ್ಷನಲ್ ದೌರ್ಬಲ್ಯಕ್ಕೂ ಹಾಗೆಯೇ, 1908ರಿಂದ ಬಳಕೆಯಲ್ಲಿರುವ ಹೂವರ್ ಚಿಹ್ನೆಯಂಥ ಸ್ಪಷ್ಟ ಗುರುತುಗಳಿವೆ: ಕೆಳಗೆ ಒತ್ತಿ ಎಂದರೆ ಬಲವಿಲ್ಲದ ಕಾಲು, ಇನ್ನೊಂದು ಕಾಲನ್ನು ಎತ್ತುವಾಗ ತಾನಾಗಿ ಬಲದಿಂದ ಒತ್ತುತ್ತದೆ. ಕಾಲಿಗೆ ಹೋಗುವ ನರ ಸರಿಯಿದೆ, ಮಿದುಳು ಅದನ್ನು ಬಳಸುವ ಬಗೆ ತಪ್ಪಿದೆ ಎಂದು ಅದರಿಂದ ತಿಳಿಯುತ್ತದೆ. ಇದಕ್ಕೆ ಫಿಸಿಯೋಥೆರಪಿಯ ಚಿಕಿತ್ಸೆಯಿದೆ.

ಒಬ್ಬ ಜನರಲ್ ಮೆಡಿಸಿನ್ ವೈದ್ಯರನ್ನು ಹಿಡಿದು, ಎಲ್ಲ ಚೀಟಿಗಳೂ ಅವರ ಕಣ್ಣಿಗೆ ಬೀಳುವಂತೆ ಮಾಡಿ. ವಾರಕ್ಕೊಬ್ಬ ತಜ್ಞರಲ್ಲಿಗೆ ಹೋದರೆ ಎಲ್ಲರೂ ಹಿಂದಿನವರ ಚೀಟಿಯ ಹೆಸರನ್ನೇ ಮುಂದುವರಿಸುತ್ತಾರೆ. ‘ಡಾಕ್ಟ್ರೇ, ಇದಲ್ಲದೆ ಇನ್ನೇನಿರಬಹುದು? ಇದಕ್ಕೆ ಹೊಂದದ ಲಕ್ಷಣ ಯಾವುದಾದರೂ ಇದೆಯಾ? ಎಷ್ಟು ವಾರದಲ್ಲಿ ಗುಣ ಕಾಣದಿದ್ದರೆ ಮತ್ತೆ ಬರಲಿ?’ ಎಂದು ಕೇಳಿ. ಆ ಅವಧಿಗೆ ಮುಂಚೆಯೇ ಓಡಬೇಕಾದ ಸಂದರ್ಭಗಳೂ ಇವೆ: ಪ್ರಯತ್ನಿಸದೆ 60 ಕಿಲೋದವರು ಆರೇಳು ತಿಂಗಳಲ್ಲಿ 3 ಕಿಲೋ ಇಳಿದರೆ, ರಾತ್ರಿ ಬೆವರಿಗೆ ಬಟ್ಟೆ ಬದಲಿಸಬೇಕಾದರೆ, ಮಲದಲ್ಲಿ ರಕ್ತ, ಹೊಸದಾಗಿ ಶುರುವಾದ ಕೈಕಾಲಿನ ಬಲಹೀನತೆ, ಮೂತ್ರ ಕಟ್ಟುವುದು.

ತೊಂದರೆ ಚಿಕ್ಕಂದಿನಿಂದಲೇ ಇದ್ದರೆ, ಸಂಬಂಧದಲ್ಲಿ ಮದುವೆಯಾದ ತಂದೆತಾಯಿಯಿದ್ದರೆ, ಮನೆಯಲ್ಲಿ ಇನ್ನೊಬ್ಬರಿಗೂ ಇದ್ದರೆ ತಳಿಪರೀಕ್ಷೆಗೆ ಅರ್ಥವಿದೆ. 2021ರ ರಾಷ್ಟ್ರೀಯ ಅಪರೂಪದ ಕಾಯಿಲೆಗಳ ನೀತಿಯಡಿ ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಮತ್ತು ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ ಒಟ್ಟಾಗಿ ಉತ್ಕೃಷ್ಟತಾ ಕೇಂದ್ರವಾಗಿವೆ. ಪ್ರೋಟೀನು ರೂಪಿಸುವ ವಂಶವಾಹಿ ಭಾಗಗಳನ್ನೆಲ್ಲ ಓದುವ ಎಕ್ಸೋಮ್ ಪರೀಕ್ಷೆಯಲ್ಲೂ ಅರ್ಧಕ್ಕಿಂತ ಹೆಚ್ಚು ಮಂದಿಗೆ ಮೊದಲ ಸಲ ಉತ್ತರ ಸಿಗುವುದಿಲ್ಲ. ‘ಅರ್ಥ ಅನಿಶ್ಚಿತ’ ಎಂದು ಬರೆದ ವಂಶವಾಹಿ ರೂಪಾಂತರವೊಂದು ಎರಡು ವರ್ಷದ ಮೇಲೆ ಹೊಸ ಕಾಯಿಲೆಯ ಕಾರಣವೆಂದು ಗೊತ್ತಾಗಬಹುದು. ಹಾಗಾಗಿ ಛಾಪಿಸಿದ ರಿಪೋರ್ಟಿನ ಜೊತೆ ಮೂಲ ದತ್ತಾಂಶದ ಫೈಲನ್ನೂ ಲ್ಯಾಬಿನಿಂದ ಕೇಳಿ ಪೆನ್‌ಡ್ರೈವಿನಲ್ಲಿ ಇಟ್ಟುಕೊಳ್ಳಿ. ಮತ್ತೆ ರಕ್ತ ಕೊಡದೆಯೇ ಅದನ್ನು ಹೊಸದಾಗಿ ಓದಿಸಬಹುದು.