ನಾಲ್ಕು ಕಾಲಿನ ರೋಬೋಟಿಗೆ ಪವರ್ ಸಪ್ಲೈ: 6 ವೋಲ್ಟ್, 20 ಆಂಪ್ಸ್ ಎಲ್ಲಿಂದ ತರುವುದು?

ಉದಾಹರಣೆಗೆ ಹನ್ನೆರಡು ಸರ್ವೋಗಳ ನಾಲ್ಕು ಕಾಲಿನ ರೋಬೋಟ್ ಇಟ್ಟುಕೊಳ್ಳೋಣ. ಸರ್ವೋ ಎಂದರೆ ಹೇಳಿದ ಕೋನಕ್ಕೆ ತಿರುಗಿ ಅಲ್ಲೇ ನಿಲ್ಲುವ ಚಿಕ್ಕ ಮೋಟಾರ್. ಕಾಲಿಗೆ ಮೂರು ಸರ್ವೋ, ಎಲ್ಲವೂ ಎಂಜಿ996ಆರ್. ಹವ್ಯಾಸಿಗಳ ಮೇಜಿನ ಮೇಲೆ ಹೆಚ್ಚಾಗಿ ಕಾಣುವುದು ಇದೇ. ಒಂದೊಂದೇ ಸರ್ವೋ ಜೋಡಿಸಿ ನೋಡಿದಾಗ ಚೆನ್ನಾಗಿ ತಿರುಗುತ್ತದೆ. ಹನ್ನೆರಡನ್ನೂ ಜೋಡಿಸಿ ಆನ್ ಮಾಡಿದ ಕೂಡಲೇ ಕಾಲುಗಳು ನಡುಗುತ್ತವೆ, ಕಂಟ್ರೋಲರ್ ಬೋರ್ಡ್ ತಾನೇ ರೀಸೆಟ್ ಆಗುತ್ತದೆ. ಕೋಡ್‌ನಲ್ಲಿ ತಪ್ಪು ಹುಡುಕುತ್ತಾ ಕೂರುವ ಮೊದಲು ಮಲ್ಟಿಮೀಟರ್ ತೆಗೆದುಕೊಳ್ಳಿ.

ಎಷ್ಟು ಆಂಪ್ಸ್ ಬೇಕು?

ಎಂಜಿ996ಆರ್ ಡೇಟಾಶೀಟ್ ಪ್ರಕಾರ 6 ವೋಲ್ಟ್‌ನಲ್ಲಿ ಓಡುವಾಗ 500ರಿಂದ 900 ಮಿಲಿಆಂಪ್ಸ್, ತಿರುಗಲಾರದೆ ಸಿಕ್ಕಿಕೊಂಡಾಗ, ಅಂದರೆ ಸ್ಟಾಲ್ ಆದಾಗ, 2.5 ಆಂಪ್ಸ್. ಹನ್ನೆರಡಕ್ಕೆ ಗುಣಿಸಿದರೆ ಓಡುವಾಗ ಸುಮಾರು 11 ಆಂಪ್ಸ್, ಸ್ಟಾಲ್‌ನಲ್ಲಿ 30 ಆಂಪ್ಸ್. ಎಲ್ಲ ಸರ್ವೋಗಳೂ ಒಟ್ಟಿಗೆ ಎಲ್ಲಿ ಸಿಕ್ಕಿಕೊಳ್ಳುತ್ತವೆ, 30 ಲೆಕ್ಕ ಅತಿಯಾಯಿತು ಎಂದು ಅನ್ನಿಸಬಹುದು. ಆದರೆ ನಿಂತ ಮೋಟಾರ್ ಹೊರಡುವ ಆ ಕ್ಷಣದಲ್ಲಿ ಎಳೆಯುವುದೂ ಸ್ಟಾಲ್ ಕರೆಂಟನ್ನೇ. ತಿರುಗಲು ಶುರುವಾದ ಮೇಲೆಯೇ ಅದರೊಳಗೆ ಎದುರು ವೋಲ್ಟೇಜ್ ಹುಟ್ಟಿ ಕರೆಂಟ್ ಇಳಿಯುತ್ತದೆ. ಹಾಗಾಗಿ ಆನ್ ಮಾಡಿದೊಡನೆ ಹನ್ನೆರಡೂ ಸರ್ವೋ ಒಟ್ಟಿಗೆ ತಮ್ಮ ಜಾಗಕ್ಕೆ ಜಿಗಿದರೆ ಕೆಲವು ಮಿಲಿಸೆಕೆಂಡ್ ಕಾಲ ನಿಜವಾಗಿಯೂ 30 ಆಂಪ್ಸ್ ಹತ್ತಿರಕ್ಕೆ ಹೋಗುತ್ತದೆ.

ಇದಕ್ಕೆ ಪುಕ್ಕಟೆ ಮದ್ದು ಪ್ರೋಗ್ರಾಂನಲ್ಲೇ ಇದೆ. ಸರ್ವೋಗಳನ್ನು ಒಂದಾದ ಮೇಲೊಂದರಂತೆ, ನಡುವೆ 100–200 ಮಿಲಿಸೆಕೆಂಡ್ ಬಿಟ್ಟು ಎಬ್ಬಿಸಿ. ಹೀಗೆ ಮಾಡುವುದಾದರೆ 20 ಆಂಪ್ಸ್‌ಗೆ ಯೋಜಿಸಿದರೆ ಸಾಕು ಎಂಬುದು ನನ್ನ ಲೆಕ್ಕ.

ಹೊಸಬರು ಪದೇ ಪದೇ ಕೇಳುವ ಇನ್ನೊಂದು ಪ್ರಶ್ನೆ: 40 ಆಂಪ್ಸ್ ಸಪ್ಲೈ ಹಾಕಿದರೆ ಸರ್ವೋ ಸುಟ್ಟುಹೋಗುವುದಿಲ್ಲವೇ? ಇಲ್ಲ. ಸಪ್ಲೈ ಕರೆಂಟನ್ನು ತಳ್ಳುವುದಿಲ್ಲ, ಲೋಡ್ ತನಗೆ ಬೇಕಾದಷ್ಟನ್ನು ಎಳೆದುಕೊಳ್ಳುತ್ತದೆ. ಸುಡುವುದು ವೋಲ್ಟೇಜ್ ಹೆಚ್ಚಾದಾಗ. ದೊಡ್ಡ ಸಪ್ಲೈನ ಅಪಾಯ ಬೇರೆಯದು, ಶಾರ್ಟ್ ಆದಾಗ ಅದು ಸುಲಭಕ್ಕೆ ಸೋಲುವುದಿಲ್ಲ. ಅದಕ್ಕೆ ಫ್ಯೂಸ್ ಇದೆ, ಮುಂದೆ ಬರುತ್ತದೆ.

ದಾರಿಯಲ್ಲೇ ಕಳೆದುಹೋಗುವ ವೋಲ್ಟೇಜ್

ಕಡಿಮೆ ವೋಲ್ಟೇಜ್, ಹೆಚ್ಚು ಕರೆಂಟ್ ಎಂಬ ಜೋಡಿಯ ನಿಜವಾದ ತೊಂದರೆ ಸಪ್ಲೈ ಡಬ್ಬದೊಳಗೆ ಇಲ್ಲ, ಡಬ್ಬದಿಂದ ಸರ್ವೋವರೆಗಿನ ದಾರಿಯಲ್ಲಿದೆ. ಲೆಕ್ಕ ಹಾಕಿಯೇ ನೋಡೋಣ. 0.75 ಚದರ ಮಿಲಿಮೀಟರ್ ತಾಮ್ರದ ವೈರ್‌ಗೆ ಮೀಟರಿಗೆ ಸುಮಾರು 23 ಮಿಲಿಓಮ್ ರೋಧ. ಸಪ್ಲೈ ರೋಬೋಟಿನಿಂದ ಅರ್ಧ ಮೀಟರ್ ದೂರದಲ್ಲಿದ್ದರೆ ಹೋಗಿ ಬರುವ ದಾರಿ ಒಂದು ಮೀಟರ್. 20 ಆಂಪ್ಸ್ ಹರಿದರೆ 0.46 ವೋಲ್ಟ್ ವೈರಿನಲ್ಲೇ ಇಳಿಯುತ್ತದೆ, 9 ವ್ಯಾಟ್ ಶಾಖವಾಗುತ್ತದೆ. 230 ವೋಲ್ಟ್ ಲೈನಿನಲ್ಲಿ ಅರ್ಧ ವೋಲ್ಟ್ ಹೋದರೆ ಯಾರಿಗೂ ಗೊತ್ತಾಗದು. 5 ವೋಲ್ಟ್‌ನಲ್ಲಿ ಅದು ಹತ್ತರಲ್ಲಿ ಒಂದು ಪಾಲು. ಟ್ರಾನ್ಸ್‌ಫಾರ್ಮರ್‌ನಿಂದ ದೂರವಿರುವ ತೋಟದ ಪಂಪ್‌ಸೆಟ್ ಸಂಜೆ ನೀರು ಎತ್ತದೆ ಗೊಣಗುವುದನ್ನು ಕಂಡವರಿಗೆ ಇದು ಹೊಸ ವಿಷಯವೇನಲ್ಲ.

ಇನ್ನು ಬೆಸುಗೆಯಿಲ್ಲದೆ ವೈರ್ ಚುಚ್ಚಿ ಜೋಡಿಸುವ ಬ್ರೆಡ್‌ಬೋರ್ಡ್ ಮತ್ತು ಬಣ್ಣಬಣ್ಣದ ಜಂಪರ್ ವೈರ್. ಬ್ರೆಡ್‌ಬೋರ್ಡ್‌ನ ಹಿಡಿಗಳು ಸುಮಾರು ಒಂದು ಆಂಪಿಗೆ ಮಾತ್ರ. ತೆಳು ಜಂಪರ್ ವೈರ್‌ಗೆ ಮೀಟರಿಗೆ ಸುಮಾರು 0.2 ಓಮ್. 20 ಸೆಂಟಿಮೀಟರ್‌ನ ಜೋಡಿಯಲ್ಲಿ 2.5 ಆಂಪ್ಸ್ ಹರಿದರೆ 0.2 ವೋಲ್ಟ್ ಹೋಯಿತು, ಅದೂ ತುದಿಗಳ ಸಡಿಲ ಹಿಡಿತವನ್ನು ಲೆಕ್ಕಕ್ಕೆ ಹಿಡಿಯದೆ. ಸಿಗ್ನಲ್‌ಗೆ ಜಂಪರ್ ಇರಲಿ, ಪವರ್‌ಗೆ ಬೇಡವೇ ಬೇಡ. ಹದಿನಾರು ಸರ್ವೋಗಳಿಗೆ ಸಿಗ್ನಲ್ ಕೊಡುವ ಪಿಸಿಎ9685 ಬೋರ್ಡ್‌ನ ಪವರ್ ಟರ್ಮಿನಲ್ ಮೂಲಕ ಇಡೀ ರೋಬೋಟಿನ ಕರೆಂಟ್ ಹರಿಸುವುದೂ ಇದೇ ಜಾತಿಯ ಕೆಲಸ. ಅಲ್ಲಿಂದ ಸಿಗ್ನಲ್ ಮಾತ್ರ ತೆಗೆದುಕೊಂಡು, ಕೆಂಪು-ಕಪ್ಪು ವೈರ್‌ಗಳಿಗೆ ಬೇರೆಯೇ ದಪ್ಪ ದಾರಿ ಮಾಡಿ.

ಹಾಗಾದರೆ ಯಾವ ಸಪ್ಲೈ?

ಹೆಚ್ಚುವರಿ ವೋಲ್ಟೇಜನ್ನು ಶಾಖವಾಗಿ ಕಳೆಯುವ 7806ನಂಥ ಲೀನಿಯರ್ ರೆಗ್ಯುಲೇಟರ್ ಮೊದಲೇ ಬಿಟ್ಟುಬಿಡಿ. 12 ವೋಲ್ಟನ್ನು 6ಕ್ಕೆ ಇಳಿಸಿ 20 ಆಂಪ್ಸ್ ಕೊಡಬೇಕಾದರೆ 120 ವ್ಯಾಟ್ ಬರೀ ಶಾಖವಾಗುತ್ತದೆ.

ಎಲ್‌ಇಡಿ ಫಲಕಗಳಿಗೆ ಬಳಸುವ 5 ವೋಲ್ಟ್, 40 ಆಂಪ್ಸ್ ಎಸ್‌ಎಂಪಿಎಸ್ (230 ವೋಲ್ಟ್ ಎಸಿಯನ್ನು ಕಡಿಮೆ ವೋಲ್ಟೇಜಿನ ಡಿಸಿ ಮಾಡುವ ಸಪ್ಲೈ) ಎಲ್ಲರ ಕಣ್ಣಿಗೆ ಬೀಳುವ ಉತ್ತರ. ಕೆಟ್ಟದ್ದೇನಲ್ಲ. ಆದರೆ ಅದರ ಚಿಕ್ಕ ತಿರುಪಿನಿಂದ ವೋಲ್ಟೇಜ್ ಸಾಮಾನ್ಯವಾಗಿ 4.5ರಿಂದ 5.5ರವರೆಗೆ ಮಾತ್ರ ಬದಲಾಗುತ್ತದೆ, 6 ಸಿಗುವುದಿಲ್ಲ. ಡೇಟಾಶೀಟ್ ಪ್ರಕಾರ ಎಂಜಿ996ಆರ್‌ನ ಟಾರ್ಕ್ 6 ವೋಲ್ಟ್‌ನಲ್ಲಿ 11 ಕೆಜಿ-ಸೆಂಮೀ, 4.8ರಲ್ಲಿ 9.4. ಸಪ್ಲೈನಲ್ಲಿ 5.2 ಇಟ್ಟು ದಾರಿಯಲ್ಲಿ ಅರ್ಧ ವೋಲ್ಟ್ ಕಳೆದುಕೊಂಡರೆ ಅಷ್ಟೂ ಸಿಗದು, ಎದ್ದು ನಿಲ್ಲಬೇಕಾದ ರೋಬೋಟ್ ಮಂಡಿಯೂರುತ್ತದೆ.

ಹಳೆಯ ಕಂಪ್ಯೂಟರಿನ ಎಟಿಎಕ್ಸ್ ಎಸ್‌ಎಂಪಿಎಸ್ ಮೂಲೆಯಲ್ಲಿ ಬಿದ್ದಿದ್ದರೆ ಪ್ರಯೋಗಕ್ಕೆ ಸಾಕು. ಹಸಿರು ವೈರನ್ನು ಕಪ್ಪು ವೈರಿಗೆ ಸೇರಿಸಿದರೆ ಅದು ಆನ್ ಆಗುತ್ತದೆ. ಕೆಂಪು 5 ವೋಲ್ಟ್, ಹಳದಿ 12 ವೋಲ್ಟ್. ಯಾವುದಕ್ಕೆ ಎಷ್ಟು ಆಂಪ್ಸ್ ಎಂಬುದು ಪಕ್ಕದ ಚೀಟಿಯಲ್ಲಿ ಬರೆದಿರುತ್ತದೆ. ಈಚಿನವು ತಮ್ಮ ಶಕ್ತಿಯ ಬಹುಪಾಲನ್ನು 12 ವೋಲ್ಟ್‌ಗೇ ಮೀಸಲಿಡುತ್ತವೆ.

ನಾನು ಒಪ್ಪುವ ದಾರಿ ಆ 12 ವೋಲ್ಟ್‌ನದೇ. 12 ವೋಲ್ಟನ್ನು ರೋಬೋಟಿನ ಮೈವರೆಗೂ ತಂದು, ಪ್ರತಿ ಕಾಲಿನ ಬುಡದಲ್ಲಿ ಒಂದೊಂದು ಬಕ್ ಕನ್ವರ್ಟರ್ ಇಟ್ಟು ಅಲ್ಲಿ 6ಕ್ಕೆ ಇಳಿಸುವುದು. 6 ವೋಲ್ಟ್, 20 ಆಂಪ್ಸ್ ಎಂದರೆ 120 ವ್ಯಾಟ್. ಕನ್ವರ್ಟರ್ ದಕ್ಷತೆ ಶೇ. 90 ಎಂದುಕೊಂಡರೆ 12 ವೋಲ್ಟ್ ಕಡೆ ಬೇಕಾದದ್ದು 133 ವ್ಯಾಟ್, ಅಂದರೆ ಸುಮಾರು 11 ಆಂಪ್ಸ್. ವೈರಿನ ಶಾಖ ಕರೆಂಟಿನ ವರ್ಗಕ್ಕೆ ತಕ್ಕಂತೆ ಇರುವುದರಿಂದ 20 ಆಂಪ್ಸ್ 11ಕ್ಕೆ ಇಳಿದಾಗ ನಷ್ಟ ಮೂರನೇ ಒಂದು ಪಾಲಿಗಿಂತ ಕಡಿಮೆಯಾಗುತ್ತದೆ. ಉಳಿದ ಸಣ್ಣ ಕುಸಿತವನ್ನು ಕನ್ವರ್ಟರ್ ತಾನೇ ಸರಿದೂಗಿಸಿಕೊಳ್ಳುತ್ತದೆ, ಸರ್ವೋಗೆ 6 ವೋಲ್ಟ್ ಹಾಗೇ ಇರುತ್ತದೆ. ಸಿಸಿಟಿವಿ ಮತ್ತು ಎಲ್‌ಇಡಿ ಬೋರ್ಡುಗಳಿಗೆ ಹೋಗುವ 12 ವೋಲ್ಟ್, 15 ಅಥವಾ 20 ಆಂಪ್ಸ್ ಸಪ್ಲೈಗಳು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಹುಡುಕಾಡದೆ ಸಿಗುತ್ತವೆ.

ಒಂದು ಕಾಲಿಗೆ ಗರಿಷ್ಠ 7.5 ಆಂಪ್ಸ್. ಎಕ್ಸ್‌ಎಲ್4016 ಚಿಪ್‌ನ ಮಾಡ್ಯೂಲಿಗೆ 8 ಆಂಪ್ಸ್ ಎಂದು ಬರೆದಿರುತ್ತಾರೆ. ಆ ಅಂಕಿಯನ್ನು ಕ್ಷಣಿಕ ಏರಿಕೆಗೆ ನಂಬಿ. ಫ್ಯಾನ್ ಇಲ್ಲದೆ ನಿರಂತರ ಬಳಕೆಗೆ 5 ಎಂದು ಹಿಡಿಯುವುದು ಕ್ಷೇಮ, ನಡೆಯುವ ಕಾಲಿನ ಮೂರು ಸರ್ವೋಗಳಿಗೆ ಅಷ್ಟು ಸಾಕು. ಎಲ್‌ಎಂ2596 ಇಲ್ಲಿಗೆ ಸಾಲದು, ಅದರ ಮಿತಿಯೇ 3 ಆಂಪ್ಸ್. ಹೊಸ ಮಾಡ್ಯೂಲನ್ನು ತಂದ ಕೂಡಲೇ ಸರ್ವೋಗೆ ಜೋಡಿಸಬೇಡಿ. ಮೊದಲು ಮೀಟರ್ ಹಿಡಿದು 6 ವೋಲ್ಟ್‌ಗೆ ತಿರುಪು ಹೊಂದಿಸಿ. ಅದು ಯಾವ ವೋಲ್ಟೇಜಿಗೆ ನಿಂತು ಬಂದಿದೆಯೋ ಹೇಳಲಾಗದು.

ಹೀಗೆ ಹಂಚುವುದರಿಂದ ಇನ್ನೂ ಒಂದು ಲಾಭವಿದೆ. ಒಂದು ಕಾಲು ಕುರ್ಚಿಗೆ ಸಿಕ್ಕಿ ಸ್ಟಾಲ್ ಆದರೆ ಕುಸಿಯುವುದು ಆ ಕಾಲಿನ ವೋಲ್ಟೇಜ್ ಮಾತ್ರ. ಒಂದೇ ದೊಡ್ಡ ಸಪ್ಲೈ ಆಗಿದ್ದು ಮಿತಿ ಮೀರಿದರೆ ಬಹಳಷ್ಟು ಎಸ್‌ಎಂಪಿಎಸ್‌ಗಳು ಆಫ್ ಆಗಿ ಮತ್ತೆ ಆನ್ ಆಗುತ್ತಾ ಬಿಕ್ಕಳಿಸುತ್ತವೆ, ಇಡೀ ರೋಬೋಟ್ ಬಿದ್ದು ಎದ್ದು ಮಾಡುತ್ತದೆ. ಕಂಟ್ರೋಲರ್‌ಗೂ ಬೇರೆ ಕನ್ವರ್ಟರ್ ಕೊಡಿ. ರಾಸ್ಪ್‌ಬೆರಿ ಪೈ 4ಕ್ಕೆ 5 ವೋಲ್ಟ್, 3 ಆಂಪ್ಸ್ ಬೇಕು. 4.63 ವೋಲ್ಟ್‌ಗಿಂತ ಕೆಳಗಿಳಿದರೆ ಅದು ಎಚ್ಚರಿಕೆ ತೋರಿಸುತ್ತದೆ.

ನಾಳೆ ವೈರ್ ಬಿಚ್ಚಿ ರೋಬೋಟನ್ನು ಅಂಗಳಕ್ಕೆ ಬಿಡಬೇಕೆಂದರೂ ಈ ಏರ್ಪಾಟು ಬದಲಾಗುವುದಿಲ್ಲ. 12 ವೋಲ್ಟ್ ಸಪ್ಲೈ ತೆಗೆದು ಮೂರು ಸೆಲ್‌ಗಳ ಲಿಪೋ ಬ್ಯಾಟರಿ ಚುಚ್ಚಿದರಾಯಿತು. ತುಂಬಿದಾಗ 12.6 ವೋಲ್ಟ್, ಸೆಲ್‌ಗೆ 3.3ರಂತೆ ಇಳಿದಾಗ 9.9. ಎರಡರಿಂದಲೂ ಕನ್ವರ್ಟರ್ 6 ಕೊಡುತ್ತದೆ. 2200 ಎಂಎಎಚ್, 25ಸಿ (ಅಂದರೆ ಸಾಮರ್ಥ್ಯದ 25 ಪಟ್ಟು ಕರೆಂಟ್ ಕೊಡುವ) ಬ್ಯಾಟರಿ ಕಾಗದದ ಮೇಲೆ 55 ಆಂಪ್ಸ್ ಕೊಡಬಲ್ಲದು, ಆದರೆ ನಿರಂತರ 11 ಆಂಪ್ಸ್ ಎಳೆದರೆ ಹನ್ನೆರಡು ನಿಮಿಷಕ್ಕೆ ಪೂರ್ತಿ ಖಾಲಿ. ಪೂರ್ತಿ ಖಾಲಿ ಮಾಡಬಾರದ್ದರಿಂದ ಹತ್ತು ನಿಮಿಷ ಎನ್ನಿ. ಎರಡು ಸೆಲ್‌ಗಳ ಬ್ಯಾಟರಿಯನ್ನು ಸರ್ವೋಗೆ ನೇರವಾಗಿ ಕೊಡುವುದು ಬೇಡ. ತುಂಬಿದಾಗ ಅದು 8.4 ವೋಲ್ಟ್, ಸರ್ವೋನ ಮಿತಿ 7.2.

ವೈರ್, ಫ್ಯೂಸ್, ಕೆಪಾಸಿಟರ್

12 ವೋಲ್ಟ್‌ನ ಮುಖ್ಯ ದಾರಿಗೆ ಮನೆ ವೈರಿಂಗ್‌ನ 2.5 ಚದರ ಮಿಲಿಮೀಟರ್ ವೈರ್ ಸಾಕು. ತುದಿಗಳಿಗೆ ಲಗ್ (ತಿರುಪಿನಡಿ ಕೂರುವ ಲೋಹದ ತುದಿ) ಹಾಕಿ ಒತ್ತಿ, ಎಳೆಗಳನ್ನು ಬರಿದೇ ತಿರುಪಿನಡಿ ಸಿಕ್ಕಿಸಬೇಡಿ. ಫ್ಯೂಸ್‌ಗೆ ಕಾರಿನ ಬ್ಲೇಡ್ ಫ್ಯೂಸ್‌ಗಿಂತ ಒಳ್ಳೆಯದಿಲ್ಲ, ಹೋಲ್ಡರ್ ಯಾವ ಆಟೊಮೊಬೈಲ್ ಅಂಗಡಿಯಲ್ಲೂ ಸಿಗುತ್ತದೆ. ಬ್ಯಾಟರಿ ಪಕ್ಕದಲ್ಲೇ 15 ಆಂಪ್ಸ್‌ನದು, ಪ್ರತಿ ಕನ್ವರ್ಟರ್‌ನ ಇನ್‌ಪುಟ್‌ನಲ್ಲಿ 5 ಆಂಪ್ಸ್‌ನದು. ಫ್ಯೂಸ್ ಇರುವುದು ಸರ್ವೋ ಉಳಿಸಲು ಅಲ್ಲ, ವೈರ್ ಹೊತ್ತಿಕೊಳ್ಳದಿರಲು.

ಕೆಪಾಸಿಟರ್ ಮೇಲೆ ಹಲವರಿಗೆ ವಿಪರೀತ ಭರವಸೆ. 1000 ಮೈಕ್ರೋಫ್ಯಾರಡ್‌ನ ಒಂದನ್ನು ಸೇರಿಸಿದರೆ ನಡುಕ ನಿಲ್ಲುತ್ತದೆ ಎನ್ನುತ್ತಾರೆ. 10 ಆಂಪ್ಸ್ ಕೊರತೆಯಾದಾಗ ಅರ್ಧ ವೋಲ್ಟ್ ಕುಸಿಯುವಷ್ಟರಲ್ಲಿ ಅದು ತಡೆದುಕೊಳ್ಳುವುದು 50 ಮೈಕ್ರೋಸೆಕೆಂಡ್. ಮೋಟಾರ್ ಹೊರಡಲು ಬೇಕಾದದ್ದು ಮಿಲಿಸೆಕೆಂಡುಗಳು. ಗಲಾಟೆಯ ಅಂಚು ಸವೆಸಲು ಅದು ಇರಲಿ, ಸಾಲದ ಸಪ್ಲೈಗೆ ಬದಲಿಯಾಗದು.

ಎಲ್ಲ ಕನ್ವರ್ಟರ್‌ಗಳ ನೆಗೆಟಿವ್ ಮತ್ತು ಕಂಟ್ರೋಲರ್‌ನ ಗ್ರೌಂಡ್ ಒಂದೇ ಬಿಂದುವಿನಲ್ಲಿ ಸೇರಬೇಕು, ಇಲ್ಲದಿದ್ದರೆ ಸರ್ವೋಗೆ ಸಿಗ್ನಲ್ ಅರ್ಥವಾಗದು. ಆದರೆ ಸರ್ವೋಗಳ ಕರೆಂಟ್ ಹಿಂದಿರುಗುವ ದಾರಿ ಕಂಟ್ರೋಲರ್ ಬೋರ್ಡಿನ ಮೂಲಕ ಹಾಯಬಾರದು. ಹಾಯ್ದರೆ ಅದು ಯುಎಸ್‌ಬಿ ಕೇಬಲ್ ಹಿಡಿದು ಲ್ಯಾಪ್‌ಟಾಪ್‌ವರೆಗೂ ಹೋಗಬಲ್ಲದು.

ಸುರಕ್ಷತೆಗೆ ಎರಡು ಮಾತು. ಎಸ್‌ಎಂಪಿಎಸ್‌ನಲ್ಲಿ 115/230 ಸ್ವಿಚ್ ಇದ್ದರೆ 230ರಲ್ಲಿದೆಯೇ ನೋಡಿ, ಅರ್ತ್ ಜೋಡಿಸಿ, 230 ವೋಲ್ಟ್ ಟರ್ಮಿನಲ್ ಮೇಲೆ ಮುಚ್ಚಳ ಇರಲಿ. 12 ವೋಲ್ಟ್ ಶಾಕ್ ಹೊಡೆಯದು ನಿಜ, ಆದರೆ ಉಂಗುರ, ಬಳೆ ಅಥವಾ ವಾಚಿನ ಲೋಹದ ಪಟ್ಟಿ ಎರಡು ಟರ್ಮಿನಲ್‌ಗಳ ನಡುವೆ ಸಿಕ್ಕಿದರೆ ಚರ್ಮ ಸುಡುವಷ್ಟು ಕೆಂಪಗೆ ಕಾಯುತ್ತದೆ. ತೆಗೆದಿಟ್ಟು ಕೂರಿ.

ಕೊನೆಗೆ ಪರೀಕ್ಷೆ. ಅಗ್ಗದ ಕ್ಲಾಂಪ್ ಮೀಟರ್‌ಗಳು ಎಸಿ ಕರೆಂಟ್ ಮಾತ್ರ ಅಳೆಯುತ್ತವೆ, ಡಿಸಿ ಅಳೆಯುವುದೇ ಎಂದು ಕೇಳಿ ಕೊಳ್ಳಿ. ಅದಿಲ್ಲದಿದ್ದರೂ ಚಿಂತೆಯಿಲ್ಲ. ಮಲ್ಟಿಮೀಟರನ್ನು ವೋಲ್ಟ್‌ಗೆ ಇಟ್ಟು ಸಪ್ಲೈಯಿಂದ ಅತಿ ದೂರದ ಸರ್ವೋನ ಪ್ಲಗ್‌ನಲ್ಲಿ ಹಿಡಿಯಿರಿ, ಇನ್ನೊಬ್ಬರು ಆ ಕಾಲನ್ನು ಕೈಯಿಂದ ಒತ್ತಲಿ. 5.7ಕ್ಕಿಂತ ಕೆಳಗಿಳಿಯದಿದ್ದರೆ ಸರಿ. ಇಳಿದರೆ ಅದೇ ಅಳತೆಯನ್ನು ಕನ್ವರ್ಟರ್ ಔಟ್‌ಪುಟ್‌ನಲ್ಲಿ, ಆಮೇಲೆ ಅದರ ಇನ್‌ಪುಟ್‌ನಲ್ಲಿ ಮಾಡುತ್ತಾ ಹಿಂದಕ್ಕೆ ಬನ್ನಿ. ಯಾವ ಎರಡು ಬಿಂದುಗಳ ನಡುವೆ ಅಂಕಿ ಥಟ್ಟನೆ ಬದಲಾಗುತ್ತದೆಯೋ ಅಲ್ಲಿನ ವೈರ್, ಲಗ್ ಅಥವಾ ಬೆಸುಗೆಯನ್ನು ಬದಲಿಸಿ.