ಉಪ್ಪಿನ ಭರಣಿ ನೀರು ಬಿಡುವಾಗ ರೀಲಿನ ಗತಿ

ಏಪ್ರಿಲ್‌ನಲ್ಲಿ ಮರವಂತೆಯಲ್ಲಿ ಗಾಳ ಹಾಕಿ ಬಂದು, ದಾರ ಸುತ್ತುವ ರೀಲನ್ನು ಬಟ್ಟೆಯಲ್ಲಿ ಒರೆಸಿಟ್ಟಿರುತ್ತಾರೆ. ಅಕ್ಟೋಬರ್‌ನಲ್ಲಿ ತೆಗೆದರೆ ಹ್ಯಾಂಡಲ್ ತಿರುಗುವುದೇ ಇಲ್ಲ. ತೀರ್ಥಹಳ್ಳಿ, ಹೊಸನಗರದ ಕಡೆಯಿಂದ ಘಟ್ಟ ಇಳಿಯುವ ಹವ್ಯಾಸಿಗಳ ಮಾಮೂಲಿ ದೂರು ಇದು. ಕಾರಣ ಅಡಿಗೆಮನೆಯಲ್ಲೇ ಇದೆ. ಗಾಳಿಯ ತೇವ ಸುಮಾರು ಶೇ 75 ದಾಟಿದರೆ ಉಪ್ಪು ಅದನ್ನು ಹೀರಿ ತಾನೇ ಕರಗುತ್ತದೆ. ಆಷಾಢದಲ್ಲಿ ಭರಣಿ ನೀರು ಬಿಡುವುದು ಅದಕ್ಕೇ. ರೀಲಿನೊಳಗೆ ಉಳಿದ ಹರಳೂ ಹಾಗೇ ನೀರಾಗಿ, ಬೇರಿಂಗನ್ನು ಮಳೆಗಾಲವಿಡೀ ಉಪ್ಪುನೀರಲ್ಲಿ ನೆನೆಹಾಕಿದಂತಾಗುತ್ತದೆ.

ತುಂಗೆಗೆ ಒಯ್ಯುವ ಆರೇಳು ಅಡಿಯ ರಾಡು (ಗಾಳದ ಕೋಲು) ಕಡಲದಂಡೆಗೆ ಸಾಲದು. ಒಡೆಯುವ ತೆರೆಗಳಿಗಿಂತ ಮೇಲೆ ದಾರ ನಿಲ್ಲಬೇಕು, 100 ಗ್ರಾಂ ಸೀಸವನ್ನು ಎಸೆಯಲು ಆಗಬೇಕು. ಹಾಗಾಗಿ 12 ಅಡಿಯದು, ಎಸೆಯಬಹುದಾದ ತೂಕ 80–150 ಗ್ರಾಂ ಎಂದು ನಮೂದಿಸಿದ್ದು ನೋಡಿ. ಬಸ್ಸಿನಲ್ಲಿ ಹೋಗುವವರಿಗೆ ಮೂರು ತುಂಡಿನದೇ ವಾಸಿ. ಕೊಳ್ಳುವಾಗ ರಾಡಿನುದ್ದಕ್ಕೂ ದಾರ ಹಾಯುವ ಪ್ರತಿ ಗೈಡ್ ಬಳೆಯೊಳಗೂ ಹತ್ತಿ ಆಡಿಸಿ. ಎಳೆ ಸಿಕ್ಕಿಕೊಂಡರೆ ಅಲ್ಲಿ ಬಿರುಕಿದೆ, ದಾರವನ್ನೂ ಅದು ಕೊಯ್ಯುತ್ತದೆ. ರೀಲು ಕಂಪನಿಯವರ ಅಂಕಿಯಲ್ಲಿ 6000–8000 ಗಾತ್ರದ್ದಿರಲಿ. 'ಹತ್ತು ಬೇರಿಂಗ್' ಎಂಬ ಜಾಹೀರಾತಿಗೆ ಮರುಳಾಗಬೇಡಿ. ಮರಳು, ಉಪ್ಪು ಒಳಹೋಗದ ಹಾಗೆ ಸೀಲ್ ಮಾಡಿದ ನಾಲ್ಕು ಬೇರಿಂಗ್ ಸಾಕು.

ಬ್ರೇಡ್ (ಹೆಣೆದ ದಾರ) ಸುತ್ತುವ ಮೊದಲು ಸ್ಪೂಲಿಗೆ, ಅಂದರೆ ರೀಲಿನ ಉರುಳೆಗೆ, ಐದಾರು ಮೀಟರ್ ಮಾಮೂಲಿ ನೈಲಾನ್ ಸುತ್ತಿ; ಇಲ್ಲದಿದ್ದರೆ ನುಣುಪು ಲೋಹದ ಮೇಲೆ ಇಡೀ ಸುರುಳಿಯೇ ಜಾರಿ ತಿರುಗುತ್ತದೆ. ಬ್ರೇಡನ್ನು ಸ್ಪೂಲಿನ ಅಂಚಿಗೆ 2 ಮಿ.ಮೀ. ಬಿಟ್ಟು ನಿಲ್ಲಿಸಿ. ತುದಿಗೆ ಶಾಕ್ ಲೀಡರ್, ಅಂದರೆ ಎಸೆತದ ಹೊಡೆತ ತಾಳುವ ದಪ್ಪ ದಾರ, ಕಡ್ಡಾಯ. 28 ಗ್ರಾಂ ಸೀಸಕ್ಕೆ 10 ಪೌಂಡ್ ತಾಳಿಕೆಯ ಲೆಕ್ಕದಲ್ಲಿ 100 ಗ್ರಾಮಿಗೆ ಸುಮಾರು 40 ಪೌಂಡಿನದು, ಉದ್ದ ರಾಡಿನ ಎರಡರಷ್ಟು. ಇದಿಲ್ಲದೆ ಬೀಸಿದರೆ ದಾರ ತುಂಡಾಗಿ ಸೀಸ ಗುಂಡಿನ ಹಾಗೆ ಹಾರುತ್ತದೆ. ಪಕ್ಕದಲ್ಲಿ ನಿಂತವರ ಪುಣ್ಯ!

ತೊಳೆಯುವುದನ್ನು ಮನೆ ತಲುಪುವವರೆಗೆ ಕಾಯಿಸಬೇಡಿ. ಘಟ್ಟ ಹತ್ತುವ ಮೊದಲೇ ಎರಡು ಲೀಟರ್ ಸಿಹಿನೀರು ಸಾಕು. ಮೊದಲು ಡ್ರ್ಯಾಗ್ (ಮೀನು ಎಳೆದಾಗ ದಾರ ಎಷ್ಟು ಬಿಗಿಯಲ್ಲಿ ಬಿಡಬೇಕೆಂದು ಹೊಂದಿಸುವ ತಿರುಪು) ಪೂರಾ ಬಿಗಿಮಾಡಿ, ಆಗ ಅದರ ವಾಷರುಗಳೊಳಗೆ ನೀರು ಇಳಿಯದು. ನೀರನ್ನು ಸಣ್ಣಗೆ ಸುರಿಯಿರಿ. ಪೈಪಿನಿಂದ ಜೋರಾಗಿ ಹಾಯಿಸಿದರೆ ಉಪ್ಪು ಇನ್ನೂ ಒಳಕ್ಕೆ ತಳ್ಳಿಕೊಂಡು ಹೋಗುತ್ತದೆ. ಬಕೆಟ್ಟಿನಲ್ಲಿ ಮುಳುಗಿಸುವುದೂ ತಪ್ಪೇ. ದಾರವನ್ನು ಸ್ಪೂಲಿಗೆ ಹಾಯಿಸುವ ಬೇಲ್ ಕಂಬಿಯ ತುದಿಯಲ್ಲಿ ಲೈನ್ ರೋಲರ್ ಎಂಬ ಪುಟ್ಟ ಗಾಲಿಯಿದೆ. ಮೊದಲು ಕೆಡುವುದು ಅದೇ. ಬೆರಳುಗುರಿನಿಂದ ತಿರುಗಿಸಿ ನೋಡಿ. ಕಿರುಗುಟ್ಟಿದರೆ ನೀರು ಬಿಟ್ಟು ಮತ್ತೆ ತಿರುಗಿಸಿ, ಒಣಗಿದ ಮೇಲೆ ಒಂದೇ ಹನಿ ರೀಲ್ ಎಣ್ಣೆ. ಅದು ನಿಂತುಹೋದರೆ ದಾರ ಒಂದೇ ಕಡೆ ಉಜ್ಜಿ ಗೀರು ಬಿದ್ದು, ಆ ಗೀರೇ ಬ್ರೇಡನ್ನು ಸವೆಸುತ್ತದೆ. ರೀಲು ಹಿಂದಕ್ಕೆ ತಿರುಗದಂತೆ ತಡೆಯುವ ಕ್ಲಚ್ಚಿಗೆ ಮಾತ್ರ ಎಣ್ಣೆ ಸುರಿಯಬೇಡಿ, ಜಾರತೊಡಗುತ್ತದೆ.

ರಾಡಿನ ತುಂಡುಗಳನ್ನು ಬಿಚ್ಚಿ ಒರೆಸಿ, ಜೋಡಣೆಗೆ ಮೇಣದಬತ್ತಿ ತೀಡಿ. ಒದ್ದೆ ಚೀಲದಲ್ಲಿಟ್ಟರೆ ಕಾರ್ಕ್ ಹಿಡಿಗೆ ಬೂಷ್ಟು ಖಂಡಿತ. ಬೆಚ್ಚಗಿರಲೆಂದು ಬಚ್ಚಲೊಲೆಯ ಹತ್ತಿರ ಇಡುವವರೂ ಇದ್ದಾರೆ. ಕಾವಿಗೆ ಅಂಟು ಸಡಿಲುತ್ತದೆ. ರೀಲನ್ನು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ. ಬಳಸಿದ ಗಾಳಗಳಿಗೆ ಬೇರೆ ಡಬ್ಬಿ, ಹೊಸವಕ್ಕೆ ಬೇರೆ. ಮುಚ್ಚುವ ಮೊದಲು ಡ್ರ್ಯಾಗ್ ಪೂರ್ತಿ ಸಡಿಲಿಸಿ. ಬಿಗಿಯಾಗಿಯೇ ಬಿಟ್ಟರೆ ವಾಷರುಗಳು ನಾಲ್ಕು ತಿಂಗಳಲ್ಲಿ ಚಪ್ಪಟೆಯಾಗಿ, ಮುಂದಿನ ಸಲ ಮೀನು ಎಳೆದಾಗ ದಾರ ಜಗ್ಗಿ ಜಗ್ಗಿ ಬಿಡುತ್ತದೆ.